ಸದ್ದನ್ನು ಬರೆದು ಕಳಿಸು

ಅಗ್ರಹಾರ, ಮೈಸೂರು
11-7-1960

ಅಪ್ಪನಿಗೆ ಚೆಲುವಿಯ ನಮಸ್ಕಾರಗಳು.

ನಾವೆಲ್ಲ ಕ್ಷೇಮ ಅಂತ ಬರೆದೇ ಶುರು ಮಾಡಬೇಕು, ಗೊತ್ತು. ಅಜ್ಜಿ ಕ್ಷೇಮ, ಬೀರಯ್ಯ ಚಿಕ್ಕಪ್ಪ ಕ್ಷೇಮ, ನಾನು ಮಾತ್ರ ಕ್ಷೇಮವಾಗಿಲ್ಲ. ನಿಮ್ಮ ಆಸ್ಟಿನ್ ಕಾರಿನ ಮುಂದೆ ನಿಂತೂ ನಿಂತೂ ತಲೆ ಕೆಟ್ಟುಹೋಗಿದೆ.

ದೊಡ್ಡ ಗಡಿಯಾರದ ಸ್ಟ್ಯಾಂಡಿನಲ್ಲಿ ಟ್ಯಾಕ್ಸಿಗೆ ಬಾಡಿಗೆ ಹುಟ್ತಿಲ್ಲ, ಒಂದಷ್ಟು ದಿನ ಲಾರಿ ಓಡಿಸಿ ಮಳೆಗಾಲಕ್ಕೆ ಮುಂಚೆ ಬಂದ್ಬುಡ್ತೀನಿ ಅಂತ ಶಿವರಾತ್ರಿ ಕಳೆದ ಮೇಲೆ ಆ ಕಲ್ಲುಗಣಿ ಕ್ಯಾಂಪಿಗೆ ಹೋದಿರಿ. ಆಷಾಢವೂ ಬಂತು, ನೀವು ಬರಲಿಲ್ಲ. ಕಾರು ಷೆಡ್ಡಿನಲ್ಲಿ ನಿಂತಲ್ಲೇ ಕೆಟ್ಟಿತು. ಚಿಕ್ಕಪ್ಪನಿಗೆ ಸೈಕಲ್ ಅಂಗಡಿ ಇಡೋಕೆ ಆ ಷೆಡ್ಡು ಬೇಕಂತೆ. ಮೊನ್ನೆ ಗುಜರಿಯವನನ್ನ ಕರಕೊಂಡು ಬಂದಿದ್ರು. ಅವನು ಮಡ್‌ಗಾರ್ಡಿಗೆ ಬೆರಳಲ್ಲಿ ಬಡಿದು ನೋಡಿದ್ದು ಕಂಡು ಮೈ ಉರೀತು. "ನಮ್ಮಪ್ಪ ಬಂದು ಓಡಿಸ್ತಾರೆ" ಅಂದೆ. "ಸಂಕ್ರಾಂತಿವರೆಗೂ ನೋಡ್ತೀನಿ ಕಣಮ್ಮ, ಆಮೇಲೆ ನನ್ನ ಕೇಳಬೇಡ" ಅಂದರು ಚಿಕ್ಕಪ್ಪ. ಅವರ ಮಾತೂ ತಪ್ಪಲ್ಲ ಬಿಡಿ.

ಇದನ್ನೆಲ್ಲ ಹೋದ ಕಾಗದದಲ್ಲಿ ಬರೆದರೆ ನಿಮ್ಮಿಂದ ಬಂದಿದ್ದು ಒಂದು ಕಾರ್ಡು. "ಎಂಜಿನ್ನಿನಲ್ಲಿ ಜೀವ ಇದೆ, ಟ್ಯೂನಿಂಗ್ ತಪ್ಪಿದೆ. ನೀನೇ ಮಾಡು. ಚಾಮುಂಡಿ ಬೆಟ್ಟದಲ್ಲಿ ನಂದಿವರೆಗೆ ಒಂದೇ ಉಸಿರಿಗೆ ಹತ್ತಿದ ದಿನ ಬರಿ, ಮಾರನೇ ದಿನ ಹೊರಡ್ತೀನಿ." ಮುದ್ದೆ ತಿರುವು ಅಂದಷ್ಟು ಸಲೀಸಾಗಿ ಹೇಳಿಬಿಟ್ಟಿರಿ. ಬೀದಿಯವರೆಲ್ಲ ನಕ್ಕರೂ ದೊಡ್ಡಕೆರೆ ಮೈದಾನದಲ್ಲಿ ನನಗೆ ಸ್ಟೀರಿಂಗ್ ಕಲಿಸಿದಿರಿ, ಲೈಸೆನ್ಸೂ ಮಾಡಿಸಿದಿರಿ. ಬಾನೆಟ್ ಮಾತ್ರ ಒಂದು ದಿನವೂ ಮುಟ್ಟೋಕೆ ಬಿಡಲಿಲ್ಲ. ನಿನ್ನೆ ನಾನೇ ಎತ್ತಿದೆ. ಅದರೊಳಗೆ ಯಾವುದು ತಲೆ, ಯಾವುದು ಬಾಲ ಒಂದೂ ತಿಳೀಲಿಲ್ಲ. ಹ್ಯಾಂಡಲ್ ಹಾಕಿ ತಿರುಗಿಸಿದರೆ ಹತ್ತಿಕೊಳ್ತದೆ, ಚಳಿಜ್ವರ ಬಂದ ಹಾಗೆ ನಡುಗ್ತದೆ, ನಿಂತೋಗ್ತದೆ.

ಅಜ್ಜಿಗೆ ಕಿವಿ ಇನ್ನೂ ಮಂದವಾಗಿದೆ. "ಅಪ್ಪ ಕಾರು ರಿಪೇರಿ ಮಾಡು ಅಂತ ಬರೆದವ್ರೆ" ಅಂದರೆ, "ಹೂಂ, ಹುಣಸೇಹಣ್ಣು ಮುಗಿದದೆ" ಅಂದರು. ಏನು ಕೇಳಿದರೂ ಇದೇ. ಊಹೆ ಮಾಡಿ ಜೋರಾಗಿ ಉತ್ತರ ಕೊಟ್ಟುಬಿಡ್ತಾರೆ, ಕೇಳಿಸಲಿಲ್ಲ ಅಂತ ಮಾತ್ರ ಒಪ್ಪಲ್ಲ.

ಎಲ್ಲಿಂದ ಶುರು ಮಾಡಲಿ, ಬಿಡಿಸಿ ಬರೀರಿ.

ನಿಮ್ಮ ಮಗಳು,
ಚೆಲುವಿ


ಕಲ್ಲುಗಣಿ ಕ್ಯಾಂಪು, ಹೊಳಲ್ಕೆರೆ ತಾಲ್ಲೂಕು
19-7-1960

ಚೆಲುವಿಗೆ ಆಶೀರ್ವಾದ.

ಎಂಜಿನ್ನಿನ ಪಕ್ಕದಲ್ಲಿ ಕರಿ ಟೋಪಿ ಒಂದಿದೆ, ತಲೆ ಮೇಲೆ ಐದು ವೈರು. ಅದೇ ಡಿಸ್ಟ್ರಿಬ್ಯೂಟರ್. ಪ್ಲಗ್ಗಿಗೆ ಕಿಡಿ ಹಂಚೋದು ಅದು. ಎರಡು ಕ್ಲಿಪ್ ಬಿಚ್ಚಿ ಟೋಪಿ ತೆಗಿ. ಒಳಗೆ ಎರಡು ಪುಟ್ಟ ಪಾಯಿಂಟುಗಳು ಬಾಯಿ ತೆಗೆದು ಮುಚ್ಚುತ್ತವೆ. ಉಪ್ಪುಕಾಗದದಲ್ಲಿ ಉಜ್ಜು. ಪೂರಾ ಬಾಯಿ ತೆಗೆದಾಗ ಈ ಕಾರ್ಡು ಬಿಗಿಯಾಗಿ ನುಸುಳಬೇಕು. ಈ ಕಾರ್ಡೇ ಅಳತೆ. ಪ್ಲಗ್ಗಿನ ಬಾಯಿಗೆ ಎರಡು ಕಾರ್ಡಿನ ದಪ್ಪ. ವೈರು ಅದಲುಬದಲು ಮಾಡಬೇಡ.

ಆಮೇಲೆ ಸದ್ದು ಹೇಗಿದೆ ಬರೆದು ಕಳಿಸು. ಪೂರ್ತಿ ಬರಿ.

ನಿಮ್ಮಪ್ಪ,
ಚಾಮಯ್ಯ


ಅಗ್ರಹಾರ
3-8-1960

ಅಪ್ಪನಿಗೆ ನಮಸ್ಕಾರ.

ವೈರು ಅದಲುಬದಲು ಮಾಡಬೇಡ ಅನ್ನೋದನ್ನ ಕಾರ್ಡಿನ ಕೊನೆಯಲ್ಲಿ ಬರೆದಿದ್ದೀರಿ. ನಾನು ಮೇಲಿನಿಂದ ಒಂದೊಂದು ಸಾಲು ಓದುತ್ತಾ ಕೆಲಸ ಮಾಡಿದೆ. ಆ ಸಾಲಿಗೆ ಬರೋ ಹೊತ್ತಿಗೆ ವೈರೆಲ್ಲ ಕಿತ್ತು ಕೈಯಲ್ಲಿ ಹಿಡಕೊಂಡಿದ್ದೆ.

ಅಂದಾಜಿನ ಮೇಲೆ ಸಿಕ್ಕಿಸಿ ಹ್ಯಾಂಡಲ್ ತಿರುಗಿಸಿದೆ. ಕೈ ಮುರಿಯೋ ಹಾಗೆ ಹಿಂದಕ್ಕೆ ಒದೀತು. ಇನ್ನೊಂದು ಸಲ ತಿರುಗಿಸಿದ್ದಕ್ಕೆ ಹಿಂದಿನ ಕೊಳವೆಯಿಂದ ಢಂ ಅಂತು. ಪಕ್ಕದ ಮನೆ ಪ್ರೇಮಮ್ಮನವರು ಉಪ್ಪಿನಕಾಯಿ ಜಾಡಿ ಕೈಬಿಟ್ಟರಂತೆ. "ಮದುವೆ ಮಾಡಿ ಕಳಿಸೋ ವಯಸ್ಸಿನ ಹುಡುಗಿ ಕೈಗೆ ಮೋಟರು ಕೊಟ್ಟವರು ಯಾರು" ಅಂತ ಸಾಯಂಕಾಲದವರೆಗೂ ಬೈದರು. ಕೊಟ್ಟವರು ಹೊಳಲ್ಕೆರೆಯಲ್ಲಿದ್ದಾರೆ ಅಂದೆ.

ಇನ್ನೊಂದು. ಪ್ಲಗ್ಗಿಗೆ ಎರಡು ಕಾರ್ಡಿನ ದಪ್ಪ ಬೇಕು, ನೀವು ಕಳಿಸೋದು ತಿಂಗಳಿಗೊಂದು. ಇನ್ನು ಸದ್ದು ಬರೆದು ಕಳಿಸು ಅಂದಿದ್ದೀರಿ. ಸದ್ದನ್ನ ಹೇಗಪ್ಪ ಬರೀಲಿ? ಟಕ್ಕು ಟಕ್ಕು ಪುಸ್, ಟಕ್ಕು ಪುಸ್ ಪುಸ್, ಗೊರ್ ಅಂತದೆ, ಸಾಯ್ತದೆ. ಇದನ್ನ ಓದಿ ನಿಮಗೇನು ತಿಳೀತದೋ ಶಿವನೇ ಬಲ್ಲ.

ನನ್ನ ಹೊಲಿಗೆ ಮಷೀನಿನಲ್ಲಿ ದಾರ ಸಿಕ್ಕಿದರೆ ಕಣ್ಣಿಗೆ ಕಾಣ್ತದೆ, ಬಿಡಿಸ್ತೀನಿ. ಇದರಲ್ಲಿ ಎಲ್ಲಿ ಸಿಕ್ಕಿದೆಯೋ ಕಾಣಲ್ಲ. ಸಿಟ್ಟು ಬಂದು ಟೈರಿಗೆ ಒದ್ದೆ, ಕಾಲು ನೋಯ್ತಿದೆ.

ಚೆಲುವಿ


ಕಲ್ಲುಗಣಿ ಕ್ಯಾಂಪು
12-8-1960

ಚೆಲುವಿಗೆ.

ಸಿಲಿಂಡರುಗಳನ್ನ ಮುಂದಿನಿಂದ ಎಣಿಸು. ಕಿಡಿ ಹೋಗಬೇಕಾದ್ದು ಒಂದು, ಮೂರು, ನಾಲ್ಕು, ಎರಡು, ಈ ಸಾಲಿನಲ್ಲಿ. ಒಂದೊಂದು ವೈರಿಗೆ ಒಂದೊಂದು ಬಣ್ಣದ ಹೊಲಿಗೆ ದಾರ ಕಟ್ಟು, ಮರೆಯಲ್ಲ.

ಎಂಜಿನ್ನು ಸಾಯದೆ ಓಡ್ತಾ ನಿಂತುಕೊಂಡರೆ, ಪೆಟ್ರೋಲಿಗೆ ಗಾಳಿ ಬೆರೆಸೋ ಕಾರ್ಬೊರೇಟರ್ ಸ್ಕ್ರೂ ಒಂಚೂರು ಒಂಚೂರು ತಿರುಗಿಸು. ಒಂದು ಕಡೆ ನಡುಕ ನಿಂತು ಮೆತ್ತಗಾಗ್ತದೆ. ಅಲ್ಲಿ ಕೈ ತೆಗಿ. ಬೀದಿ ಗದ್ದಲದಲ್ಲಿ ಗೊತ್ತಾಗದಿದ್ದರೆ ಉದ್ದ ಸ್ಕ್ರೂಡ್ರೈವರಿನ ತುದಿ ಎಂಜಿನ್ನಿಗೆ ಒತ್ತಿ, ಮರದ ಹಿಡಿಯನ್ನ ಹಲ್ಲಲ್ಲಿ ಕಚ್ಚಿ ಹಿಡಿ. ಕಿವಿಗಿಂತ ಮೂಳೆ ಚೆನ್ನಾಗಿ ಕೇಳ್ತದೆ. ನಮ್ಮ ಉಸ್ತಾದ್ ಹೇಳಿಕೊಟ್ಟಿದ್ದು.

ಗೌರಿ ಹಬ್ಬಕ್ಕೆ ಬರಲಾಗಲ್ಲ. ಎರಡು ಕಾರ್ಡು ಆಗಲಿ ಅಂತ ಇದರ ಜೊತೆ ಬರೆಯದ ಕಾರ್ಡೊಂದು ಕಳಿಸ್ತಿದ್ದೀನಿ. ಸದ್ದು ಬರೆದದ್ದು ಚೆನ್ನಾಗಿತ್ತು. ಇನ್ನೂ ಬರಿ.

ಚಾಮಯ್ಯ


ಅಗ್ರಹಾರ
20-9-1960

ಅಪ್ಪನಿಗೆ ನಮಸ್ಕಾರ.

ನಿಂತಿತು ಕಣಪ್ಪ. ಅಂದರೆ ಎಂಜಿನ್ನು ಓಡುತ್ತಾ ನಿಂತಿತು, ಸಾಯಲಿಲ್ಲ.

ನೀವು ಹೇಳಿದ ಹಾಗೆ ಸ್ಕ್ರೂಡ್ರೈವರ್ ಕಚ್ಚಿಕೊಂಡು ಬಗ್ಗಿದ್ದೆ. ಪ್ರೇಮಮ್ಮನವರು ನೋಡಿ, "ದೇವಿರಮ್ಮ, ನಿಮ್ಮ ಮೊಮ್ಮಗಳು ಕಬ್ಬಿಣ ತಿಂತಾ ಅವಳೆ" ಅಂತ ಅಜ್ಜಿಗೆ ಕೂಗಿ ಹೇಳಿದರು. ಅಜ್ಜಿ "ತಿನ್ನಲಿ ಬುಡಿ, ಬೆಳಗಿಂದ ಏನೂ ತಿಂದಿಲ್ಲ" ಅಂದರು. ಬೀದಿಯೆಲ್ಲ ನಗು. ನಾನು ನಗೋ ಹಾಗಿರಲಿಲ್ಲ, ಹಲ್ಲಲ್ಲಿ ಹಿಡಿ ಇತ್ತು. ತಲೆಬುರುಡೆಯೊಳಗೇ ಎಂಜಿನ್ನು ಓಡಿದ ಹಾಗಿತ್ತು. ಒಂದೊಂದು ಸಿಲಿಂಡರೂ ಬೇರೆ ಬೇರೆ ಕೇಳ್ತು. ಸ್ಕ್ರೂ ತಿರುಗಿಸುತ್ತಾ ಬಂದೆ. ಗೊಗ್ಗೊಗ್ಗೊ ಅಂತಿದ್ದದ್ದು ಗುರುಗುರು ಆಯ್ತು, ಆಮೇಲೆ ಅಟ್ಟದ ಮೇಲಿನ ಬೆಕ್ಕು ಹೊಟ್ಟೆ ತುಂಬಿ ಮಲಗಿದಾಗ ಬರ್ತದಲ್ಲ, ಆ ಸದ್ದು. ಅಲ್ಲಿ ಕೈ ತೆಗೆದೆ. ಸಾಕಾ ಬರೆದದ್ದು?

ಇವತ್ತೇ ಬೆಟ್ಟ ಹತ್ತಿಸ್ತೀನಿ ಅಂದರೆ ಅಜ್ಜಿ ಬಿಡಲಿಲ್ಲ. ಆಯುಧಪೂಜೆ ಮಾಡದೆ ಗಾಡಿ ಹೊರಡಿಸಬಾರದಂತೆ. ಹಬ್ಬ ಕಳೆದ ಮಾರನೇ ದಿನ ಹತ್ತಿಸ್ತೀನಿ. ನಿಮ್ಮ ಟ್ರಂಕು ಕಟ್ಟಿಟ್ಟುಕೊಂಡಿರಿ. ಷೆಡ್ಡಿಗೆ ಸುಣ್ಣ ಹೊಡೆಸೋಣ ಅಂತ ಚಿಕ್ಕಪ್ಪನೇ ಅಂದರು.

ಚೆಲುವಿ


ಅಗ್ರಹಾರ
8-10-1960

ಅಪ್ಪ,

ಯಾರ ಕಣ್ಣು ಬಿತ್ತೋ ಗೊತ್ತಿಲ್ಲ.

ಆಯುಧಪೂಜೆ ಚೆನ್ನಾಗೇ ಆಯ್ತು. ಬಾನೆಟ್ ಎತ್ತಿ ಅಜ್ಜಿಗೆ ಎಲ್ಲ ತೋರಿಸಿದೆ. ಕರಿ ಟೋಪಿ ಬಿಚ್ಚಿ, "ಕಾರಿನ ಪ್ರಾಣ ಇಲ್ಲಿರ್ತದೆ ಅಜ್ಜಿ" ಅಂತ ಕಿವಿ ಹತ್ತಿರ ಕೂಗಿ ಹೇಳಿದೆ. ಇದೊಂದು ಮಾತ್ರ ಸರಿಯಾಗಿ ಕೇಳಿಸಿಕೊಂಡರು. ಕಣ್ಣಲ್ಲಿ ನೀರು ತುಂಬಿಕೊಂಡು ಬಾನೆಟ್ಟಿಗೆ, ಚಕ್ರಕ್ಕೆ, ಸ್ಟೀರಿಂಗಿಗೆ, ಸ್ಪ್ಯಾನರಿಗೆ, ಆ ಟೋಪಿಯ ಒಳಗೂ ಅರಿಸಿನ ಕುಂಕುಮ ಇಟ್ಟರು. ನಿಮ್ಮ ಹೆಸರು ಹೇಳಿ ಬೂದುಗುಂಬಳಕಾಯಿ ಒಡೆದೆವು.

ವಿಜಯದಶಮಿ ಕಳೆದು ಬೆಟ್ಟಕ್ಕೆ ಹೊರಟೆ. ಕುರುಬಾರಹಳ್ಳಿ ದಾಟಲಿಲ್ಲ, ಕೆಮ್ಮೋಕೆ ಶುರು. ಬೆಟ್ಟದ ಬುಡದಲ್ಲಿ ಎರಡು ಸಲ ಢಂ ಅಂದು ನಿಂತೇಹೋಯ್ತು. ಜಂಬೂಸವಾರಿ ನೋಡಿಕೊಂಡು ಊರಿಗೆ ಹೊರಟಿದ್ದ ಹಳ್ಳಿಯವರು ಪಾಪ ಮನೆವರೆಗೆ ತಳ್ಳಿಕೊಟ್ಟರು. ಕಾರಿನ ತುಂಬ ಹೂವಿನ ಹಾರ, ಒಳಗೆ ನಾನು ಮುಖ ಊದಿಸಿಕೊಂಡು ಕೂತಿದ್ದೆ. ನಾಚಿಕೆಯಿಂದ ಸತ್ತುಹೋದೆ.

ಅವತ್ತಿಂದ ಇವತ್ತಿನವರೆಗೆ ಸರಿಹೋಗಿಲ್ಲ. ಪಾಯಿಂಟು ಉಜ್ಜಿದೆ, ಕಾರ್ಡು ಇಟ್ಟು ಅಳೆದೆ, ಪ್ಲಗ್ಗು ಬಿಚ್ಚಿ ಮಸಿ ಹೋಗಲಿ ಅಂತ ಸುಟ್ಟೆ. ಗುರುಗುರು ಟಪ್, ಗುರು ಟಪ್ ಟಪ್, ಪಟಾರ್. ಒಂದು ಸಿಲಿಂಡರು ಸತ್ತಿದೆ ಅಂದುಕೊಂಡರೆ ಇನ್ನೊಂದು ಸಾಯ್ತದೆ. ಏನಾಗಿದೆ ಹೇಳಿ. ನೀವು ಬರೆದ ಹಾಗೇ ಎಲ್ಲ ಮಾಡಿದ್ದೀನಿ.

ಚೆಲುವಿ


ಕಲ್ಲುಗಣಿ ಕ್ಯಾಂಪು
18-10-1960

ಚೆಲುವಿಗೆ.

ಪಾಯಿಂಟಿನ ಪಕ್ಕದ ಪುಟ್ಟ ಡಬ್ಬಿ, ಕಂಡೆನ್ಸರ್, ಹೋಗಿರಬಹುದು, ಬದಲಾಯಿಸಿ ನೋಡು. ಪೆಟ್ರೋಲ್ ಪೈಪು ಬಿಚ್ಚಿ ಊದು. ಕಾರ್ಬೊರೇಟರ್ ಜೆಟ್ ತೊಳಿ. ಅವಸರ ಬೇಡ. ದೀಪಾವಳಿ ಕಳೀಲಿ, ಕಾರ್ತೀಕ ಕಳೀಲಿ. ನಿಧಾನವಾಗಿ ನೋಡು.

ಅಜ್ಜಿಯನ್ನ ಚೆನ್ನಾಗಿ ನೋಡಿಕೋ.

ಚಾಮಯ್ಯ


ಅಗ್ರಹಾರ
20-11-1960

ಅಪ್ಪನಿಗೆ,

ಕಂಡೆನ್ಸರ್ ಹೊಸದು ಹಾಕಿದೆ. ಪೈಪು ಊದಿ ಬಾಯೆಲ್ಲ ಪೆಟ್ರೋಲಾಗಿ ಎರಡು ದಿನ ಊಟ ಸೇರಲಿಲ್ಲ. ಜೆಟ್ ತೊಳೆದೆ. ಅಜ್ಜಿ ಇಟ್ಟ ಕುಂಕುಮಕ್ಕೆ ಸೋಕದ ಹಾಗೆ ಜೋಪಾನವಾಗಿ ಪಾಯಿಂಟು ಮತ್ತೆ ಉಜ್ಜಿದೆ. ಉಗುರಿನ ಕರಿ ಹೋಗದೆ ಬ್ಲೌಸು ಹೊಲಿಸೋಕೆ ಬಂದವರು ಬಟ್ಟೆ ಕೊಡೋಕೆ ಅನುಮಾನಿಸ್ತಾರೆ. ಕಾರು ಮಾತ್ರ ಹಾಗೇ ಇದೆ.

ನನಗೆ ಇದಕ್ಕಿಂತ ಸಿಟ್ಟು ಬಂದಿರೋದು ನಿಮ್ಮ ಕಾರ್ಡು ನೋಡಿ. ಮೊದಲು ಬೆಟ್ಟ ಹತ್ತಿಸು ಅಂತಿದ್ದಿರಿ. ಈಗ ಅವಸರ ಬೇಡ ಅಂತೀರಿ. ಸಂಕ್ರಾಂತಿ ಬಂದರೆ ಗುಜರಿಯವನು ಬರ್ತಾನೆ ಅಂತ ನಿಮಗೆ ಗೊತ್ತಿಲ್ಲವಾ? ಗೌರಿಗೆ ಬರಲಿಲ್ಲ, ದಸರಾಕ್ಕೆ ಬರಲಿಲ್ಲ, ದೀಪಾವಳಿಗೂ ಬರಲಿಲ್ಲ. ಅವ್ವ ಇದ್ದಿದ್ದರೆ ನಾನೇ ಹೋಗಿ ಎಳಕೊಂಡು ಬರ್ತೀನಿ ಅಂತಿದ್ದಳು. ಕಾರು ಓಡಿದರೆ ನೀವು ಬರ್ತೀರಿ ಅಂತ ತಾನೇ ನಾನು ಇದರ ಕೆಳಗೆ ಮಲಗಿ ಎದ್ದು ಸಾಯ್ತಿರೋದು?

ಕಾಗದದಲ್ಲಿ ಸದ್ದು ಬರೆದು ಬರೆದು ಸಾಕಾಯ್ತು. ನೀವೇ ಕೇಳಿಸಿಕೊಳ್ಳಿ. ಸದಾಶಿವಯ್ಯನವರ ಔಷಧಿ ಅಂಗಡಿಗೆ ಫೋನು ಬಂದಿದೆ. ನಿಮ್ಮ ಕ್ಯಾಂಪಿನ ಗುಮಾಸ್ತರು ಏಕಾಂತಯ್ಯನವರ ಹೆಸರಿಗೆ ಬರುವ ಭಾನುವಾರ ಟ್ರಂಕ್ ಕಾಲ್ ಹಾಕ್ತೀನಿ. ಕಾರನ್ನ ಅಂಗಡಿ ಮುಂದೆ ನಿಲ್ಲಿಸಿ ಫೋನನ್ನ ಎಂಜಿನ್ನಿಗೆ ಹಿಡೀತೀನಿ. ಆಫೀಸಿನಲ್ಲಿ ಇರಿ. ತಪ್ಪಿಸಿಕೊಳ್ಳಬೇಡಿ.

ಚೆಲುವಿ


ಅಗ್ರಹಾರ
28-11-1960

ಅಪ್ಪ,

ಯಾವಾಗಲೂ ಕಾಗದದಲ್ಲಿ ನೀವು ಅಂತ ಬರೀತೀನಿ. ಇವತ್ತು ಆಗಲ್ಲ. ಇವತ್ತು ಬಾಯಿಗೆ ಬಂದ ಹಾಗೆ ನೀನು ಅಂತಲೇ ಬರೀತೀನಿ, ಬೈದುಕೋ.

ನಿನ್ನೆ ಊಟ ಬಿಟ್ಟು ಮಧ್ಯಾಹ್ನದವರೆಗೂ ಟ್ರಂಕ್ ಕಾಲಿಗೆ ಕಾದೆ. ಚಿಕ್ಕಪ್ಪ, ಅಕ್ಕಪಕ್ಕದ ಹುಡುಗರು ಸೇರಿ ಕಾರು ತಳ್ಳಿಕೊಟ್ಟರು. ಸದಾಶಿವಯ್ಯನವರು ಫೋನಿನ ಮೇಜನ್ನೇ ಬಾಗಿಲಿಗೆ ಎಳೆದು ಹಾಕಿದರು. ಬೀದಿ ಬೀದಿಯೇ ನಿಂತು ನೋಡ್ತಿತ್ತು. ಕಾಲ್ ಸಿಕ್ಕಿತು. ಒಂಬತ್ತು ತಿಂಗಳ ಮೇಲೆ ನಿನ್ನ ದನಿ ಕೇಳಿದೆ. ಚಿಕ್ಕಪ್ಪನಿಗೆ ಕೈ ಬೀಸಿದೆ. ಚಿಕ್ಕಪ್ಪ ಸ್ಟಾರ್ಟ್ ಮಾಡಿದರು. ವೈರು ಬಂದಷ್ಟು ದೂರ ಬಾಗಿಲಾಚೆ ಫೋನು ಹಿಡಿದೆ. ಕಾರು ನಾಲ್ಕು ಸಲ ಕೆಮ್ಮಿ ಢಂ ಅಂದು ಸತ್ತಿತು.

ನಾನು ಫೋನು ಕಿವಿಗೆ ಇಟ್ಟರೆ ನೀನು ಏನಂದೆ? "ಚೆನ್ನಾಗಿ ಓಡ್ತಾ ಅದೆ ಕಣಮ್ಮ. ಒಳ್ಳೆ ಸದ್ದು. ಹಂಗೇ ಓಡ್ಲಿ ಬುಡು." ಎಂಜಿನ್ನು ಸತ್ತಿತ್ತು. ಬೀದಿಯಲ್ಲಿ ಒಂದು ಸೈಕಲ್ಲಿನ ಗಂಟೆ ಬಿಟ್ಟು ಬೇರೆ ಸದ್ದೇ ಇರಲಿಲ್ಲ. "ಅಪ್ಪ, ನಿಂತೋಗಿದೆ" ಅಂತ ಕಿರುಚಿದೆ. "ಹೂಂ, ಹೂಂ, ಸ್ಕ್ರೂ ಒಂಚೂರು ಬಿಗಿ ಮಾಡು" ಅಂದೆ. "ಅಜ್ಜಿಗೆ ಮಂಡಿ ನೋವು, ನಿನ್ನನ್ನೇ ಕೇಳ್ತವ್ರೆ, ಯಾವಾಗ ಬರ್ತೀಯ" ಅಂದರೆ, "ಒಳ್ಳೇದಾಯ್ತು, ಒಳ್ಳೇದಾಯ್ತು" ಅಂದೆ.

ಒಳ್ಳೇದಾಯ್ತಾ? ಹೆತ್ತ ತಾಯಿಗೆ ಮಂಡಿ ನೋವು ಅಂದರೆ ಒಳ್ಳೇದಾಯ್ತು ಅನ್ನೋನು ನಮ್ಮಪ್ಪನಾ? ಯಾರೋ ಪಕ್ಕದಲ್ಲಿ ಕೂತು ಇಸ್ಪೀಟು ಆಡಿಸ್ತಿದ್ದರೇನೋ, ಅಷ್ಟೂ ಗಮನ ಇರಲಿಲ್ಲ ನಿನಗೆ. ಬರೋಕೆ ಇಷ್ಟ ಇಲ್ಲದಿದ್ದರೆ ಇಲ್ಲ ಅಂತ ಬರಿ. ಗುಜರಿಯವನಿಗೆ ನಾಳೆಯೇ ಹೇಳಿ ಕಳಿಸ್ತೀನಿ. ಈ ಕಾರ್ಡಿನ ಅಳತೆ, ಬಣ್ಣದ ದಾರ ಎಲ್ಲ ನನ್ನನ್ನ ಆಟ ಆಡಿಸೋಕೆ ತಾನೇ?

ಇನ್ನು ನಾನು ಬರೆಯಲ್ಲ.

ಚೆಲುವಿ


ಅಗ್ರಹಾರ
2-12-1960

ಅಪ್ಪ,

ಬರೆಯಲ್ಲ ಅಂದಿದ್ದೆ. ಬರೀತಿದ್ದೀನಿ.

ಫೋನಿನಲ್ಲಿ ಆದ ಮಾತನ್ನ ಅಜ್ಜಿಗೆ ಹೇಳಿರಲಿಲ್ಲ. ನಿನ್ನೆ ಅವರೇ ಕೆದಕಿ ಕೆದಕಿ ಕೇಳಿದರು. ಕಿವಿಗೆ ಬಾಯಿಟ್ಟು ಒಂದೊಂದೇ ಹೇಳಿದೆ. ನಾನು ಏನಂದೆ, ನೀವು ಏನಂದಿರಿ, ಎಲ್ಲ. ಅಜ್ಜಿ ಎಲ್ಲ ಇನ್ನೊಂದು ಸಲ ಹೇಳಿಸಿದರು. ಆಮೇಲೆ ಅಂದರು, "ಚೆಲುವಿ, ಅದು ಗ್ಯಾನ ಇಲ್ದೋನ ಮಾತಲ್ಲ ಕಣವ್ವ. ನಾನು ದಿನಾ ನಿಮ್ಮತ್ರ ಹಂಗೇ ಅಲ್ವಾ ಮಾತಾಡೋದು."

ಅಪ್ಪ, ನಿಮಗೆ ಕಿವಿ ಕೇಳಿಸ್ತಿದೆಯಾ?

ಚೆಲುವಿ


ಕಲ್ಲುಗಣಿ ಕ್ಯಾಂಪು
14-12-1960

ಚೆಲುವಿಗೆ ಅಪ್ಪನ ಆಶೀರ್ವಾದ.

ಕೇಳಿಸಲ್ಲ.

ನಿನ್ನ ಕಾಗದ ಕೈಲಿ ಹಿಡಕೊಂಡು ವಾರವಾಯ್ತು. ಇದ್ದದ್ದು ಇದ್ದ ಹಾಗೆ ಬರೀತೀನಿ.

ಜೂನ್ ತಿಂಗಳಲ್ಲಿ ಬಂಡೆಗೆ ಮದ್ದು ಇಟ್ಟಿದ್ದರು. ಸೀಟಿ ಊದಿದ್ದರು, ಅವರದೇನೂ ತಪ್ಪಿಲ್ಲ. ನಾನು ಲಾರಿ ಕೆಳಗೆ ಮಲಗಿ ಎಂಜಿನ್ ಓಡಿಸಿಕೊಂಡು ಸದ್ದು ಕೇಳ್ತಾ ಇದ್ದೆ. ಆ ಸದ್ದಿನಲ್ಲಿ ಸೀಟಿ ಕೇಳಲಿಲ್ಲ. ಎದ್ದು ಈಚೆಗೆ ಬಂದೆ, ಬಂಡೆ ಸಿಡೀತು. ಎರಡು ಕಿವಿಯಲ್ಲೂ ರಕ್ತ. ದುರ್ಗದ ಆಸ್ಪತ್ರೆ ಡಾಕ್ಟರು ನೋಡಿ ಕಿವಿಯ ತಮಟೆ ಹರಿದಿದೆ ಅಂತ ಬರೆದು ತೋರಿಸಿದರು. ಕಬ್ಬಿಣದ ಕವಲು ಒಂದನ್ನ ಬಡಿದು ಕಿವಿ ಮುಂದೆ ಹಿಡಿದರು, ಏನೂ ಇಲ್ಲ. ಕಿವಿ ಹಿಂದಿನ ಮೂಳೆಗೆ ಒತ್ತಿದರು, ಗುಂಯ್ ಅಂತು. ಅದರಿಂದ ಅವರಿಗೆ ಏನು ತಿಳಿಯಿತೋ, ಕೇಳೋಣ ಅಂದರೆ ಉತ್ತರ ಕೇಳಿಸಬೇಕಲ್ಲ. ಈಗ ಲಾರಿ ಕೊಡಲ್ಲ. ಸಾಮಾನಿನ ಕೋಣೆಯಲ್ಲಿ ಸ್ಪ್ಯಾನರ್ ಎಣಿಸಿ ಕೊಡೋ ಕೆಲಸ. ಏಕಾಂತಯ್ಯನವರು ಒಳ್ಳೆಯವರು, ಸ್ಲೇಟಿನ ಮೇಲೆ ಬರೆದು ಮಾತಾಡ್ತಾರೆ. ಅವತ್ತು ಫೋನಿನ ಪಕ್ಕ ನಿಂತು, ದನಿ ಬಂದಾಗಲೆಲ್ಲ ನೀನು ಮಾತಾಡ್ತಿದ್ದೀಯ ಅಂತ ಕೈ ಎತ್ತಿ ತೋರಿಸ್ತಿದ್ದರು. ಕೈ ಇಳಿಸಿದಾಗ ನಾನು ಮಾತಾಡಿದೆ.

ಕಿವುಡ ಟ್ಯಾಕ್ಸಿ ಓಡಿಸೋ ಹಾಗಿಲ್ಲ. ಎಂಜಿನ್ ಸದ್ದು ಕೇಳದವನು ಮೆಕ್ಯಾನಿಕ್ಕೂ ಅಲ್ಲ. ಸ್ಟ್ಯಾಂಡಿನಲ್ಲಿ ದೂರದಿಂದಲೇ ಸದ್ದು ಕೇಳಿ ಯಾರ ಕಾರು ಅಂತ ಹೇಳ್ತಿದ್ದೆ. ಅದೇ ಜನದ ಮುಂದೆ ಹೇಗೆ ಬಂದು ನಿಲ್ಲಲಿ? ಅದಕ್ಕೇ ಬೆಟ್ಟ ಹತ್ತಿದ ದಿನ ಬರ್ತೀನಿ ಅಂದೆ. ನಿನ್ನ ಕೈಲಿ ಆಗಲ್ಲ ಅಂದುಕೊಂಡಿದ್ದೆ.

ಇನ್ನೊಂದು ಹೇಳಬೇಕು. ಬೈ. ನಿನ್ನ ದಸರಾ ಕಾಗದ ಓದಿದಾಗಲೇ ನನಗೆ ಕಾಯಿಲೆ ತಿಳೀತು. ಟೋಪಿ ಒಳಗೆ ಅಜ್ಜಿ ಕುಂಕುಮ ಇಟ್ಟರು ಅಂತ ನೀನೇ ಬರೆದಿದ್ದೆ. ಅಂಟಲಿ ಅಂತ ನೀರಲ್ಲಿ ಕಲಸಿ ಇಟ್ಟಿರ್ತಾಳೆ ನಮ್ಮವ್ವ. ಕಿಡಿ ಪ್ಲಗ್ಗಿಗೆ ಹೋಗದೆ ಆ ಕುಂಕುಮದ ಮೇಲೆ ಹರಿದು ದಾರಿ ತಪ್ತಾ ಇದೆ. ಹೊಲಿಗೆ ಮಷೀನು ತಂದಾಗ ಬಾಬಿನ್ ಗೂಡಿಗೆ ಅಕ್ಷತೆ ತುಂಬಿಸಿದ್ದಳು, ನೆನಪಿದೆಯಾ? ಗೊತ್ತಿದ್ದೂ ಬರೆಯಲಿಲ್ಲ. ಕಂಡೆನ್ಸರ್ ಅಂದೆ, ಜೆಟ್ ಅಂದೆ. ಕಾರು ಓಡಿದರೆ ಬರಬೇಕಾಗ್ತದೆ ಅಂತ ಹೆದರಿಕೆ.

ಬ್ಲೇಡಿನಲ್ಲಿ ಕೆರೆದು ಪೆಟ್ರೋಲಿನಲ್ಲಿ ಒರೆಸು. ಓಡ್ತದೆ. ಆಮೇಲೆ ಬೇಕಾದರೆ ಮಾರಿಬಿಡಿ. ಓಡೋ ಕಾರಿಗೆ ಮರ್ಯಾದೆ ಇರ್ತದೆ.

ನೀನು ಬರೆದ ಸದ್ದುಗಳನ್ನ ಮಾತ್ರ ದಿನಾ ಓದ್ತೀನಿ. ಬೆಕ್ಕಿನದು ಚೆನ್ನಾಗಿದೆ.

ಚಾಮಯ್ಯ


ಅಗ್ರಹಾರ
3-1-1961

ಅಪ್ಪನಿಗೆ ಚೆಲುವಿಯ ನಮಸ್ಕಾರಗಳು.

ನಿಮ್ಮ ಕಾಗದ ಓದಿ ಎರಡು ದಿನ ಅತ್ತೆ. ಮೂರನೇ ದಿನ ಸಿಟ್ಟು ಬಂತು. ಸಿಟ್ಟು ಈಗಲೂ ಇದೆ. ಆ ಪೆಟ್ರೋಲು ಕುಡಿಸಿದ್ದನ್ನ ನಾನು ಸಾಯೋವರೆಗೂ ಮರೆಯಲ್ಲ.

ಪೂಜೆಯ ಕುಂಕುಮ ಅಳಿಸೋಕೆ ನನಗೆ ಕೈ ಬರಲಿಲ್ಲ. ಅಷ್ಟು ದಿನ ಕಣ್ಣೆದುರೇ ಇದ್ದರೂ ಅದು ದೇವರದು ಅಂತ ಬಿಟ್ಟಿದ್ದೆ. ಟೋಪಿಯನ್ನ ಅಜ್ಜಿ ಕೈಗೇ ಕೊಟ್ಟು ವಿಷಯ ಹೇಳಿದೆ. ಅಜ್ಜಿ ಸೆರಗಿನ ತುದಿಯಲ್ಲಿ ಒರೆಸಿದರು, ಉಗುರಲ್ಲಿ ಕೆರೆದರು. ಉಗುರಿಗೆ ಬಂದಷ್ಟನ್ನ ನನ್ನ ಹಣೆಗೆ ಇಟ್ಟರು. "ಪ್ರಾಣ ಇರೋ ಜಾಗ ಅಂದ್ಯಲ್ಲ, ಅದಕ್ಕೇ ಜಾಸ್ತಿ ಇಟ್ಟೆ ಕಣವ್ವ" ಅಂದರು. ಮಿಕ್ಕಿದ್ದನ್ನ ನಾನು ಬ್ಲೇಡಿನಲ್ಲಿ ಕೆರೆದೆ.

ಒಂದೇ ಹ್ಯಾಂಡಲ್ಲಿಗೆ ಹತ್ತಿಕೊಂಡಿತು. ಅಜ್ಜಿಯನ್ನ ಹಿಂದೆ, ಚಿಕ್ಕಪ್ಪನನ್ನ ಪಕ್ಕದಲ್ಲಿ ಕೂರಿಸಿಕೊಂಡು ಬೆಟ್ಟ ಹತ್ತಿಸಿದೆ. ನಂದಿವರೆಗೆ ಒಂದೇ ಉಸಿರು. ಚಿಕ್ಕಪ್ಪ ದಾರಿಯುದ್ದಕ್ಕೂ ಬಾಗಿಲು ಗಟ್ಟಿಯಾಗಿ ಹಿಡಕೊಂಡಿದ್ದರು. ಇಳಿದ ಮೇಲೆ, "ಷೆಡ್ಡು ನೀನೇ ಇಟ್ಟುಕೋ, ಸೈಕಲ್ಲು ಜಗಲಿ ಮೇಲೆ ಇಡ್ತೀನಿ" ಅಂದರು. ಸದ್ದು ಹೇಗಿತ್ತು ಅಂತ ಬರೆಯಲ್ಲ. ಬೇಕಾದರೆ ಬಂದು ಕೇಳಿ.

ಹೇಗೆ ಕೇಳೋದು ಅಂತೀರಿ. ಕಿವಿಗಿಂತ ಮೂಳೆ ಚೆನ್ನಾಗಿ ಕೇಳ್ತದೆ ಅಂತ ನನಗೆ ಬರೆದವರು ಯಾರು? ಡಾಕ್ಟರು ಮೂಳೆಗೆ ಕಬ್ಬಿಣ ಒತ್ತಿದಾಗ ಗುಂಯ್ ಅಂತು ಅಂತಲೂ ನೀವೇ ಬರೆದಿದ್ದೀರಿ. ಎರಡನ್ನೂ ಒಂದೇ ಕೈಲಿ ಬರೆದು ಒಂದಕ್ಕೊಂದು ಗಂಟು ಹಾಕಲಿಲ್ಲವಲ್ಲ ಅಪ್ಪ. ಇಡೀ ಬೀದಿ ನಗುವಾಗ ನಾನು ಸ್ಕ್ರೂಡ್ರೈವರ್ ಕಚ್ಚಿದ್ದೀನಿ. ನಿಮಗೇನು ನಾಚಿಕೆ?

ಸ್ಟ್ಯಾಂಡಿನಲ್ಲಿ ಟ್ಯಾಕ್ಸಿ ನಾನು ಓಡಿಸ್ತೀನಿ. ಎಂಜಿನ್ನು ನಿಮ್ಮದು. ಬೆಟ್ಟ ಹತ್ತಿದ ಮಾರನೇ ದಿನ ಹೊರಡ್ತೀನಿ ಅಂದಿದ್ದಿರಿ. ಹತ್ತಿ ಆಗಲೇ ಮೂರು ದಿನವಾಯ್ತು.

ಚೆಲುವಿ


ಕಲ್ಲುಗಣಿ ಕ್ಯಾಂಪು
9-1-1961

ಚೆಲುವಿಗೆ ಆಶೀರ್ವಾದ.

ನಿನ್ನ ಕಾಗದ ಬಂತು. ಇವತ್ತು ಬೆಳಿಗ್ಗೆ ಉದ್ದ ಸ್ಕ್ರೂಡ್ರೈವರ್ ತಗೊಂಡು ಹೋಗಿ, ಓಡ್ತಾ ನಿಂತಿದ್ದ ಲಾರಿ ಎಂಜಿನ್ನಿಗೆ ಒತ್ತಿ ಹಿಡಿ ಕಚ್ಚಿದೆ. ಎರಡನೇ ಸಿಲಿಂಡರಿನ ವಾಲ್ವು ತಳ್ಳೋ ಟ್ಯಾಪೆಟ್ ಸಡಿಲ. ಡ್ರೈವರಿಗೆ ಹೇಳಿದೆ, ಅವನು ನಂಬಲಿಲ್ಲ. ಬಿಚ್ಚಿ ತೋರಿಸಿದೆ.

ಸಂಕ್ರಾಂತಿ ಹಿಂದಿನ ದಿನ ಸಾಯಂಕಾಲದ ರೈಲಿಗೆ ಇಳೀತೀನಿ. ಸ್ಟೇಷನ್ನಿಗೆ ಕಾರು ತಾ. ಹಿಂದೆ ಬಂದು ಕೂಗಬೇಡ, ತಿಳಿಯಲ್ಲ. ಮುಂದೆ ಬಂದು ನಿಲ್ಲು.

ನಾನು ಬಗ್ಗಿ ಕಚ್ಚಿಕೊಂಡಿದ್ದಾಗ ಕ್ಯಾಂಪಿನವರೆಲ್ಲ ಸುತ್ತ ನಿಂತಿದ್ದರು. ಬಾಯಿ ತೆಗೆದದ್ದು ನೋಡಿದರೆ ನಗ್ತಾ ಇದ್ದರು ಅಂತ ಕಾಣ್ತದೆ. ಅದು ಕೇಳಿಸಲಿಲ್ಲ. ಎಂಜಿನ್ನು ಕೇಳಿಸ್ತು.

ನಿಮ್ಮಪ್ಪ,
ಚಾಮಯ್ಯ